ಅದ್ವೈತದ ಬಿರುದು ಹೊತ್ತ ಲಿಂಗವಂತ ಅರಸು: ಇಕ್ಕೇರಿಯ ವೆಂಕಟಪ್ಪನಾಯಕ

ಇಂದು ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಮೂರು ತಾಲ್ಲೂಕುಗಳಾಗಿ ಹಂಚಿಹೋಗಿರುವ ಮಲೆನಾಡಿನ ಭಾಗವು ಒಂದು ಕಾಲಕ್ಕೆ ಒಂದೇ ಅರಸೊತ್ತಿಗೆಯ ಹೃದಯಸ್ಥಾನವಾಗಿದ್ದಿತು. ಕೆಳದಿ, ಇಕ್ಕೇರಿಗಳು ಸಾಗರದ ಆಸುಪಾಸಿನಲ್ಲಿವೆ. ಹಿಂದಿನ ಬಿದನೂರೇ ಹೊಸನಗರ ತಾಲ್ಲೂಕಿನ ಈಗಿನ ನಗರ. ಕವಲೇದುರ್ಗವು ತೀರ್ಥಹಳ್ಳಿ ತಾಲ್ಲೂಕಿನ ಕಾಡಿನ ನಡುವೆ ಪಾಳುಬಿದ್ದು ನಿಂತಿದೆ. ಅರಳಸುರಳಿಯಂತಹ ಊರುಗಳ ಸುತ್ತಲಿನ ತೋಟ ಗದ್ದೆಗಳೆಲ್ಲವೂ ಕೆಳದಿಯ ನಾಯಕರ ಆಳಿಕೆಗೆ ಒಳಪಟ್ಟಿದ್ದವು. ಈ ನಾಯಕರು ಕೊರಳಲ್ಲಿ ಲಿಂಗವನ್ನು ಧರಿಸಿದ ವೀರಶೈವರು. ಅವರ ಶಾಸನಗಳನ್ನು ಓದುವವರ ಕಣ್ಣಿಗೆ ಮೊದಲು ಬೀಳುವುದು ಒಂದು ಬಿರುದಾವಳಿ: ಎಡವ ಮುರಾರಿ, ಕೋಟೆಕೋಲಾಹಲ, ವಿಶುದ್ಧವೈದಿಕಾದ್ವೈತಸಿದ್ಧಾಂತಪ್ರತಿಷ್ಠಾಪಕ, ಶಿವಗುರುಭಕ್ತಿಪರಾಯಣ.

ಈ ನಾಲ್ಕು ಬಿರುದುಗಳ ಜೋಡಣೆ ವಿಚಾರಯೋಗ್ಯವಾದುದು. ಕೊನೆಯದು ಲಿಂಗವಂತನಿಗೆ ಸಹಜವಾದುದು. ಎರಡನೆಯದು ಯಾವ ಪಾಳೆಯಗಾರನಿಗೂ ಒಪ್ಪುವಂಥದು. ಆದರೆ ಮೊದಲನೆಯದೂ ಮೂರನೆಯದೂ ಹಾಗಲ್ಲ. ಎಡವ, ಮುರಾರಿ ಎಂಬಿಬ್ಬರು ದೇವತೆಗಳೂ ಅಲ್ಲ, ಪೂರ್ವಿಕ ವೀರರೂ ಅಲ್ಲ. ಅವರು ಈ ವಂಶದ ಮೂಲಪುರುಷರಾದ ಚೌಡಪ್ಪ, ಭದ್ರಪ್ಪರ ಹೊಲದಲ್ಲಿ ದುಡಿಯುತ್ತಿದ್ದ ಆಳುಗಳು. ಹುತ್ತದಲ್ಲಿ ಲಿಂಗ ದೊರಕಿದುದು, ಹೊಲದಲ್ಲಿ ಖಡ್ಗ ಸಿಕ್ಕಿದುದು, ಅನಂತರ ನಿಧಿ ಕಂಡುದು, ಆ ನಿಧಿಯು ನರಬಲಿಯನ್ನು ಬೇಡಿದುದು, ತಮ್ಮ ಹೆಸರು ಉಳಿಯಬೇಕೆಂಬ ಒಂದೇ ಕೋರಿಕೆಯಿಂದ ಆ ಇಬ್ಬರು ಆಳುಗಳು ತಲೆಯೊಪ್ಪಿಸಿದುದು, ಇವೆಲ್ಲವೂ ಐತಿಹ್ಯ. ಐತಿಹ್ಯದ ನಿಜವನ್ನು ತೂಗುವುದು ಕಷ್ಟ. ಆದರೆ ದೊರೆಗಳು ತಮ್ಮ ಬಿರುದುಗಳ ತಲೆಯಲ್ಲಿ ಇಬ್ಬರು ಆಳುಗಳ ಹೆಸರನ್ನು ಇಟ್ಟುಕೊಂಡು ಎರಡೂವರೆ ಶತಮಾನ ಮೆರೆದರೆಂಬುದು ಕಲ್ಲಿನಲ್ಲಿಯೇ ಕೊರೆದ ನಿಜ. ಆಳಿನ ಹೆಸರಿನಿಂದ ತೊಡಗಿ ಅದ್ವೈತಕ್ಕೆ ಏರುವ ಬಿರುದಾವಳಿ ಬೇರೆ ಅರಸುಮನೆತನಗಳಲ್ಲಿ ಅಪರೂಪ.

ಈ ಬಿರುದಿನ ಭಾರವೇನೆಂಬುದು ಚೆನ್ನಾಗಿ ಕಾಣುವುದು ಹಿರಿಯ ವೆಂಕಟಪ್ಪನಾಯಕನ ಬಾಳಿನಲ್ಲಿ. ಅವನು ದೊಡ್ಡ ಸಂಕಣ್ಣನಾಯಕನ ಮಗನು, ವಿಜಯನಗರದ ರಾಮರಾಯನ ಬಳಿಯಲ್ಲಿ ಸೇವೆಸಲ್ಲಿಸಿ ಹೆಸರು ಪಡೆದ ಸದಾಶಿವನಾಯಕನ ಮೊಮ್ಮಗನು. ತಂದೆಯ ಚರಿತ್ರೆಯೂ ಸಾಮಾನ್ಯವಾದುದಲ್ಲ. ದೊಡ್ಡ ಸಂಕಣ್ಣನು ಪಟ್ಟವನ್ನು ತಮ್ಮನಿಗೆ ಒಪ್ಪಿಸಿ ದೇಶದ ಉದ್ದಗಲದ ತೀರ್ಥಕ್ಷೇತ್ರಗಳನ್ನು ಸುತ್ತಿಬಂದನೆಂದು ವಂಶದ ಗ್ರಂಥಗಳು ಹೇಳುತ್ತವೆ. ರಾಜ್ಯವನ್ನು ಬಿಟ್ಟು ನಡೆದ ತಂದೆಗೆ ರಾಜ್ಯವನ್ನು ಹಿಗ್ಗಿಸುವ ಮಗ ಹುಟ್ಟಿದನು. 16ನೆಯ ಶತಮಾನದ ಕೊನೆಯ ದಶಕಗಳಲ್ಲಿ ಪಟ್ಟಕ್ಕೆ ಬಂದ ವೆಂಕಟಪ್ಪನಾಯಕನು 1629ರ ವರೆಗೆ, ಎಂದರೆ ಸುಮಾರು ನಾಲ್ಕು ದಶಕಗಳ ಕಾಲ, ಇಕ್ಕೇರಿಯಿಂದ ಆಳಿದನು.

1565ರ ಯುದ್ಧದಲ್ಲಿ ವಿಜಯನಗರವು ಹಾಳಾದ ಮೇಲೆ ಮಲೆನಾಡು ಕರಾವಳಿಗಳಲ್ಲಿ ದೊಡ್ಡ ಆಸರೆಯೊಂದು ಇಲ್ಲವಾಗಿದ್ದಿತು. ವೆಂಕಟಪ್ಪನಾಯಕನು ಹೆಸರಿಗೆ ಮಾತ್ರ ವಿಜಯನಗರದ ನಾಯಕನಾಗಿ ಉಳಿದು, ನಿಜದಲ್ಲಿ ಸ್ವತಂತ್ರ ದೊರೆಯಾದನು. ಉತ್ತರದಲ್ಲಿ ಬಿಜಾಪುರದ ದಂಡುಗಳನ್ನು ತಡೆದನು. ಮೆಣಸಿನ ನಾಡಾದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಸೋಲಿಸಿ ಅವಳ ರಾಜ್ಯವನ್ನು ಸೇರಿಸಿಕೊಂಡನು. ಕರಾವಳಿಯ ಸಣ್ಣ ಅರಸರನ್ನು ಒಬ್ಬೊಬ್ಬರನ್ನಾಗಿ ಬಾಗಿಸಿದನು. ಮೆಣಸಿಗಾಗಿ ಪೋರ್ಚುಗೀಸರು ಅವನ ಬಾಗಿಲಿಗೆ ಬರಬೇಕಾಯಿತು. ಈ ಯುದ್ಧಗಳ ವಿವರಕ್ಕೆ ಇಲ್ಲಿ ಅವಕಾಶವಿಲ್ಲ. ಗೆದ್ದ ನೆಲದಲ್ಲಿ ಜೈನರಿದ್ದರು, ಉಡುಪಿಯ ಮಾಧ್ವರಿದ್ದರು, ಘಟ್ಟದ ಮೇಲೆ ಶೃಂಗೇರಿಯ ಸ್ಮಾರ್ತರಿದ್ದರು, ವೀರಶೈವ ಮಠಗಳಿದ್ದವು, ಮುಸಲ್ಮಾನ ವರ್ತಕರಿದ್ದರು. ಒಂದು ಮತದ ಅರಸನು ಅನೇಕ ಮತಗಳ ಪ್ರಜೆಗಳನ್ನು ಹೇಗೆ ನಡೆಸಿಕೊಳ್ಳಬೇಕೆಂಬ ಪ್ರಶ್ನೆಯು ಅವನಿಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ, ದಿನನಿತ್ಯದ ಪ್ರಶ್ನೆಯಾಗಿದ್ದಿತು.

ಶೃಂಗೇರಿಯ ಮಠಕ್ಕೆ ಕೆಳದಿಯ ಮನೆತನವು ತಲೆತಲಾಂತರವಾಗಿ ದತ್ತಿಗಳನ್ನು ಕೊಟ್ಟು ಕಾಪಾಡಿತು. ವೆಂಕಟಪ್ಪನಾಯಕನು ಆ ಪೋಷಕರ ಸಾಲಿನಲ್ಲಿ ಮುಖ್ಯನಾದವನು. ಜಂಗಮರಿಗೆ ಮಠಗಳನ್ನು ಕಟ್ಟಿಸಿದ ಕೈಯೇ ಶಂಕರಪೀಠಕ್ಕೂ ನೀಡಿತು. ಆದರೆ ದಾನವು ಒಂದು ಮಾತು, ಸಿದ್ಧಾಂತವು ಇನ್ನೊಂದು. ದಾನವನ್ನು ಎಲ್ಲ ಅರಸರೂ ಮಾಡುತ್ತಾರೆ. ವೆಂಕಟಪ್ಪನಾಯಕನು ಅದಕ್ಕಿಂತ ಮುಂದೆ ಹೋದನು. ಇಂದಿಗೂ ಸಂಸ್ಕೃತ ಪಾಠಶಾಲೆಗಳಲ್ಲಿ ಓದುವ ಸಿದ್ಧಾಂತಕೌಮುದಿಯನ್ನು ಬರೆದ ಭಟ್ಟೋಜಿ ದೀಕ್ಷಿತನು ತತ್ತ್ವಕೌಸ್ತುಭವೆಂಬ ವೇದಾಂತ ಗ್ರಂಥವನ್ನೂ ರಚಿಸಿದನು. ದ್ವೈತವನ್ನು ಖಂಡಿಸಿ ಅದ್ವೈತವನ್ನು ನಿಲ್ಲಿಸುವ ಆ ಗ್ರಂಥವನ್ನು ಕೆಳದಿಯ ವೆಂಕಟಪ್ಪನ ಅಪ್ಪಣೆಯಂತೆ ಬರೆದುದಾಗಿ ಗ್ರಂಥಕಾರನೇ ತಿಳಿಸಿದ್ದಾನೆ. ಕಾಶಿಯ ವೈಯಾಕರಣನೊಬ್ಬನು ಮಲೆನಾಡಿನ ಲಿಂಗವಂತ ಅರಸನ ಮಾತಿನಿಂದ ಶಾಂಕರ ಸಿದ್ಧಾಂತಕ್ಕೆ ಗ್ರಂಥ ಬರೆದನೆಂಬುದು ಕನ್ನಡ ನಾಡಿನ ವಿಚಾರಚರಿತ್ರೆಯಲ್ಲಿ ಮರೆಯಬಾರದ ಸಂಗತಿ.

ಭಟ್ಟೋಜಿಯ ಸಹೋದರನಾದ ರಂಗೋಜಿ ಭಟ್ಟನು ಇದೇ ಅರಸನ ಸಮ್ಮುಖದಲ್ಲಿ ವಿದ್ಯಾಧೀಶ ಒಡೆಯರೆಂಬ ಮಾಧ್ವಯತಿಗಳನ್ನು ವಾದದಲ್ಲಿ ಗೆದ್ದು ಪಲ್ಲಕ್ಕಿಯನ್ನು ಬಹುಮಾನವಾಗಿ ಪಡೆದನೆಂದು ರಂಗೋಜಿಯ ಮಗ ಕೊಂಡಭಟ್ಟನು ತನ್ನ ವ್ಯಾಕರಣ ಗ್ರಂಥದಲ್ಲಿ ಹೇಳಿಕೊಂಡಿದ್ದಾನೆ. ಗೆಲವಿನ ಕಥೆಯನ್ನು ಹೇಳಿದವನು ಗೆದ್ದವನ ಮಗನೆಂಬುದನ್ನು ಓದುಗರು ಮರೆಯಬಾರದು. ಸೋತವರ ಕಡೆಯ ಶಿಷ್ಯರು ಅದನ್ನು ಹಾಗೆಯೇ ಒಪ್ಪುವರೆಂದು ಯಾರೂ ನಿರೀಕ್ಷಿಸಲಾರರು. ಆದರೂ ಇಕ್ಕೇರಿಯ ಆಸ್ಥಾನದಲ್ಲಿ ಇಂತಹ ವಾದಗಳು ನಡೆಯುತ್ತಿದ್ದವು, ಅರಸನು ಅವುಗಳಿಗೆ ಕಿವಿಗೊಟ್ಟು ಕುಳಿತಿರುತ್ತಿದ್ದನು ಎಂಬುದರಲ್ಲಿ ಸಂಶಯವಿಲ್ಲ.

ಲಿಂಗವಂತನಾದ ಅರಸನಿಗೆ ಈ ವಾದದಲ್ಲಿ ಏಕೆ ಇಷ್ಟು ಆಸ್ಥೆ? ರಾಜನೀತಿಯ ಕಾರಣವನ್ನು ಹೇಳುವುದು ಸುಲಭ. ಘಟ್ಟದ ಮೇಲಿನ ಸ್ಮಾರ್ತ ಬ್ರಾಹ್ಮಣರ ವಿಶ್ವಾಸವನ್ನು ಪಡೆಯದೆ ಆ ನಾಡನ್ನು ಆಳುವಂತಿರಲಿಲ್ಲ. ಬಿರುದಿನೊಳಗಿನ ವೈದಿಕ ಎಂಬ ಪದವನ್ನು ನೋಡಿದರೆ, ಪಂಡಿತರ ಸಭೆಯಲ್ಲಿ ತನಗೊಂದು ಪೀಠ ಬೇಕೆಂಬ ಹಂಬಲವೂ ಈ ಹೊಸ ಅರಸುಮನೆತನಕ್ಕೆ ಇದ್ದಿತೆಂದು ತೋರುತ್ತದೆ. ಬಸವಾದಿ ಶರಣರು ತಮ್ಮ ಮಾತಿಗೆ ಅನುಭಾವವನ್ನು ಪ್ರಮಾಣವಾಗಿ ಇಟ್ಟುಕೊಂಡರೇ ಹೊರತು ಶ್ರುತಿಯ ಮುದ್ರೆಯನ್ನು ಕಾದು ಕುಳಿತವರಲ್ಲ. ನಾಲ್ಕು ಶತಮಾನಗಳ ಮೇಲೆ ಅವರ ಮತದ ಅರಸರಿಗೆ ಆ ಮುದ್ರೆ ಬೇಕಾಯಿತು.

ಆದರೆ ರಾಜನೀತಿಯೊಂದರಿಂದಲೇ ಎಲ್ಲವೂ ಬಗೆಹರಿಯುವುದಿಲ್ಲ. ವೀರಶೈವ ಸಿದ್ಧಾಂತದ ಒಡಲಲ್ಲಿಯೇ ಅದ್ವೈತವಿದೆ. ಭಕ್ತಸ್ಥಲದಲ್ಲಿ ಎರಡಾಗಿ ತೋರಿದ ಅಂಗಲಿಂಗಗಳು ಐಕ್ಯಸ್ಥಲದಲ್ಲಿ ಒಂದಾಗುತ್ತವೆ. ಪೂಜಿಸುವವನೂ ಪೂಜೆಗೊಳ್ಳುವವನೂ ಬೇರೆಯಾಗಿ ಉಳಿಯುವುದಿಲ್ಲ. ಈ ನಾಡಿಗೆ ಹತ್ತಿರದ ಬಳ್ಳಿಗಾವೆಯಲ್ಲಿ ಹುಟ್ಟಿದ ಅಲ್ಲಮಪ್ರಭುವು ನಾನು ನೀನೆಂಬ ಸೂತಕವನ್ನು ಹರಿದುಹಾಕಿದಷ್ಟು ನಿರ್ದಾಕ್ಷಿಣ್ಯವಾಗಿ ಹರಿದುಹಾಕಿದವರು ವೇದಾಂತಿಗಳಲ್ಲಿಯೂ ವಿರಳ. ವಿವೇಕಚಿಂತಾಮಣಿಯನ್ನು ಬರೆದ ನಿಜಗುಣ ಶಿವಯೋಗಿಗಳು ಶೈವಭಕ್ತಿಯನ್ನೂ ಅದ್ವೈತ ವೇದಾಂತವನ್ನೂ ಕನ್ನಡದಲ್ಲಿ ಒಂದೇ ಪಾಕಕ್ಕೆ ತಂದಿದ್ದರು. ವ್ಯತ್ಯಾಸವೂ ಉಂಟು, ಅದನ್ನು ಮುಚ್ಚಬೇಕಾಗಿಲ್ಲ. ಶಾಂಕರ ಮತದಲ್ಲಿ ಜಗತ್ತು ಮಾಯೆಯ ತೋರಿಕೆ. ಶಕ್ತಿವಿಶಿಷ್ಟಾದ್ವೈತದಲ್ಲಿ ಅದು ಶಿವನ ಶಕ್ತಿಯ ವಿಕಾಸ, ಆದುದರಿಂದ ಸತ್ಯ. ಜಗತ್ತು ಸತ್ಯವೆಂದ ಮೇಲೆ ಅದರೊಳಗಿನ ಕಾಯಕವೂ ಸತ್ಯ, ಉಣ್ಣುವ ಅನ್ನವೂ ಸತ್ಯ, ಉಣ್ಣದವನ ಹಸಿವೂ ಸತ್ಯ. ಶರಣರ ಅದ್ವೈತವು ಕಣ್ಣು ಮುಚ್ಚಿದವನ ಅದ್ವೈತವಲ್ಲ.

ವಾದದ ಬಗೆಗೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬಹುದು. ಎರಡನೆಯದೇ ಇಲ್ಲವೆಂದು ಸಾಧಿಸುವುದಕ್ಕೆ ಎದುರಿಗೆ ಎರಡನೆಯವನೊಬ್ಬನು ಬೇಕು, ಅವನು ಸೋಲಲೂ ಬೇಕು. ಪಲ್ಲಕ್ಕಿಯಲ್ಲಿ ಅದ್ವೈತಿಯು ಕುಳಿತನು. ಹೊತ್ತವರು ಯಾರೆಂದು ಗ್ರಂಥದಲ್ಲಿಲ್ಲ. ಆಳುಗಳ ಹೆಸರನ್ನು ಬಿರುದಿನ ತಲೆಯಲ್ಲಿಟ್ಟುಕೊಂಡ ಮನೆತನದ ಆಸ್ಥಾನದಲ್ಲಿಯೂ ಅದು ಬರೆಯತಕ್ಕ ಸಂಗತಿಯೆಂದು ತೋರಲಿಲ್ಲ.

1623ರ ನವೆಂಬರಿನಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಎಂಬವನು ಪೋರ್ಚುಗೀಸ್ ರಾಯಭಾರಿಯ ಸಂಗಡ ಇಕ್ಕೇರಿಗೆ ಬಂದನು. ಗೋವೆಯಿಂದ ಸಮುದ್ರದ ಮೇಲೆ ಹೊನ್ನಾವರ, ಅಲ್ಲಿಂದ ಹೊಳೆಯ ಮೇಲೆ ಗೇರುಸೊಪ್ಪೆ, ಮುಂದೆ ಘಟ್ಟದ ದಾರಿ. ವೆಂಕಟಪ್ಪನಾಯಕನು ವಶಪಡಿಸಿಕೊಂಡಿದ್ದ ಬಂಗರಸನ ನೆಲವನ್ನು ಮರಳಿ ಕೊಡಿಸುವುದು ರಾಯಭಾರದ ಉದ್ದೇಶಗಳಲ್ಲಿ ಒಂದಾಗಿದ್ದಿತು. ರಾಯಭಾರಕ್ಕಿಂತ ಪ್ರವಾಸಿಯು ಬರೆದಿಟ್ಟ ಪತ್ರಗಳೇ ನಮಗೆ ಬೆಲೆಯುಳ್ಳವು. ಘಟ್ಟದ ಮೇಲಿನ ಗುಡಿಯೊಂದರ ಜಗುಲಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿ, ಲೆಕ್ಕವನ್ನು ರಾಗವಾಗಿ ಹಾಡುತ್ತ ಬೆರಳಿನಿಂದ ಬರೆಯುತ್ತ, ಗುರುವಿಲ್ಲದೆ ಒಬ್ಬರನ್ನೊಬ್ಬರು ತಿದ್ದಿಕೊಳ್ಳುತ್ತ ಕಲಿಯುತ್ತಿದ್ದುದನ್ನು ಅವನು ಕಂಡು ಬೆರಗಾದನು. ಇಕ್ಕೇರಿಯ ಬೀದಿಯಲ್ಲಿ ಜಂಗಮರಿಗೆ ಜನರು ಸಲ್ಲಿಸುತ್ತಿದ್ದ ಗೌರವವನ್ನು ಬಣ್ಣಿಸಿದನು. ಡೋಲು ಬಾರಿಸುವವನೊಬ್ಬನ ವಿಧವೆ ಗಂಡನೊಡನೆ ಸಹಗಮನಕ್ಕೆ ಸಿದ್ಧಳಾಗಿದ್ದಾಳೆಂದು ತಿಳಿದು ಅವಳ ಮನೆಗೆ ಹೋಗಿ, ಬೇಡವೆಂದು ಹೇಳಿನೋಡಿದನು. ಅವಳು ತನ್ನ ನಿಶ್ಚಯವನ್ನು ಬಿಡಲಿಲ್ಲ. ಆತ್ಮವೊಂದೇ, ಅದಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂದು ವಾದಗಳು ನಡೆದ ಊರಿನಲ್ಲಿಯೇ ಗಂಡನ ಹಿಂದೆ ಹೆಂಡತಿ ಚಿತೆಯೇರುತ್ತಿದ್ದಳು. ಇದನ್ನು ಆ ಕಾಲದ ರೂಢಿಯೆಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಅದಕ್ಕೂ ನಾಲ್ಕು ಶತಮಾನಗಳ ಹಿಂದೆ, ಈ ನಾಡಿಗೆ ದೂರವಲ್ಲದ ಉಡುತಡಿಯ ಹೆಣ್ಣುಮಗಳೊಬ್ಬಳು ಸಾವಿಲ್ಲದ ಚೆನ್ನಮಲ್ಲಿಕಾರ್ಜುನನನ್ನೇ ಪತಿಯಾಗಿ ಆರಿಸಿಕೊಂಡು ಮನೆಯನ್ನೂ ರೂಢಿಯನ್ನೂ ಬಿಟ್ಟು ನಡೆದಿದ್ದಳು.

ಈ ಪ್ರವಾಸಿಯೇ ವೆಂಕಟಪ್ಪನಾಯಕನ ಅಂತಃಪುರದ ಒಂದು ಸಂಗತಿಯನ್ನು ಕೇಳಿ ಬರೆದಿದ್ದಾನೆ. ಕಿವಿಯಿಂದ ಕೇಳಿದ ಮಾತಾದುದರಿಂದ ಅದರ ಪ್ರತಿಯೊಂದು ವಿವರವನ್ನೂ ನಂಬಬೇಕಾಗಿಲ್ಲ. ಸಾರವನ್ನು ಮಾತ್ರ ಗಮನಿಸಬಹುದು. ಪಟ್ಟದ ರಾಣಿ ಭದ್ರಮ್ಮನು ಲಿಂಗವಂತ ಆಚಾರದಲ್ಲಿ ಕಟ್ಟುನಿಟ್ಟಾದವಳು. ಪ್ರವಾಸಿಯು ಬರುವುದಕ್ಕೆ ಕೆಲವು ತಿಂಗಳ ಹಿಂದೆ ತೀರಿಕೊಂಡಿದ್ದಳು. ಅರಸನು ಮುಸಲ್ಮಾನ ಸ್ತ್ರೀಯೊಬ್ಬಳನ್ನು ಗುಟ್ಟಾಗಿ ಕೋಟೆಯೊಂದರಲ್ಲಿ ಇರಿಸಿ ಅವಳೊಡನೆ ಉಣ್ಣುತ್ತಿರುವನೆಂದು ವರ್ಷಗಳ ಹಿಂದೆ ರಾಣಿಗೆ ತಿಳಿಯಿತು. ಅವಳು ಕೂಗಾಡಲಿಲ್ಲ. ಇನ್ನು ಮುಂದೆ ತಾನು ಅರಸನಿಗೆ ಹೆಂಡತಿಯಲ್ಲ, ಮಗಳಂತೆ ಇರುವೆನೆಂದು ಹೇಳಿ ಅವನ ಸಂಗವನ್ನು ಬಿಟ್ಟಳು. ಆ ಸ್ತ್ರೀಯನ್ನು ಬಿಟ್ಟುಬಿಡುತ್ತೇನೆ, ಎಷ್ಟು ಹಣ ವೆಚ್ಚವಾದರೂ ಪ್ರಾಯಶ್ಚಿತ್ತ ಮಾಡಿಸಿಕೊಳ್ಳುತ್ತೇನೆ ಎಂದು ಅರಸನು ಬೇಡಿಕೊಂಡರೂ ಅವಳ ಮನಸ್ಸು ತಿರುಗಲಿಲ್ಲ. ಹಾಗೆಂದು ಅರಮನೆಯನ್ನು ತೊರೆಯಲೂ ಇಲ್ಲ, ಅರಸನ ಮೇಲಿನ ವಿಶ್ವಾಸವನ್ನು ಕಳೆದುಕೊಳ್ಳಲೂ ಇಲ್ಲ. ಅವಳು ಸತ್ತಾಗ ಅರಸನು ಬಹಳವಾಗಿ ದುಃಖಿಸಿದನಂತೆ.

ಸಾಗರ ತಾಲ್ಲೂಕಿನ ಆನಂದಪುರದ ಬಳಿಯಲ್ಲಿ ಚಂಪಕಸರಸ್ಸು ಎಂಬ ಕಲ್ಲುಕಟ್ಟಡದ ಸುಂದರವಾದ ಕೊಳವೊಂದಿದೆ. ಜನರ ಬಾಯಲ್ಲಿ ಉಳಿದಿರುವ ಕಥೆಯಲ್ಲಿಯೂ ಇದೇ ಅರಸನು, ಇದೇ ರಾಣಿ. ಮೂರನೆಯವಳು ಮಾತ್ರ ಬೇರೆ. ಆನಂದಪುರಕ್ಕೆ ಬಂದಾಗಲೆಲ್ಲ ಕಾಣುತ್ತಿದ್ದ ರಂಗವಲ್ಲಿಯ ಚೆಲುವಿಗೆ ಮನಸೋತ ಅರಸನು ಅದನ್ನು ಬಿಡಿಸುತ್ತಿದ್ದ ಚಂಪಕಳೆಂಬ ಬೆಸ್ತರ ಹೆಣ್ಣನ್ನು ಕೈಹಿಡಿದನು. ರಾಣಿಯು ಆ ನೋವಿನಲ್ಲಿ ಕೊರಗಿ ಸತ್ತಳು. ಅದಕ್ಕೆ ತಾನೇ ಕಾರಣಳಾದೆನೆಂದು ಚಂಪಕಳು ವಜ್ರದ ಪುಡಿಯನ್ನು ಹಾಲಿನಲ್ಲಿ ಬೆರೆಸಿ ಕುಡಿದು ಪ್ರಾಣಬಿಟ್ಟಳು. ಅರಸನು ಅವಳ ನೆನಪಿಗೆ ಕೊಳವನ್ನು ಕಟ್ಟಿಸಿದನು. ಪ್ರವಾಸಿಯ ಮಾತೂ ಜನರ ಕಥೆಯೂ ಒಂದೇ ಘಟನೆಯ ಎರಡು ನೆರಳುಗಳಿರಬಹುದು. ಎರಡರಲ್ಲಿಯೂ ಬಂದವಳು ಕುಲದ ಹೊರಗಿನವಳು, ಎರಡರಲ್ಲಿಯೂ ನೊಂದವಳು ಭದ್ರಮ್ಮನೇ.

ಇಲ್ಲಿ ತೀರ್ಪು ಕೊಡುವುದು ಸುಲಭವಲ್ಲ. ಅರಸನ ಕಡೆಯಿಂದ ನೋಡಿದರೆ, ಅದ್ವೈತಪ್ರತಿಷ್ಠಾಪಕನಿಗೆ ಮುಸಲ್ಮಾನರ ಹೆಣ್ಣಾಗಲಿ ಬೆಸ್ತರ ಹೆಣ್ಣಾಗಲಿ ಅನ್ಯಳಾಗುವುದು ಹೇಗೆ? ಕುಲವನ್ನು ಕೇಳದೆ ಮಾದಾರ ಚೆನ್ನಯ್ಯನನ್ನೂ ಅಂಬಿಗರ ಚೌಡಯ್ಯನನ್ನೂ ತಮ್ಮವರೆಂದ ಶರಣರ ಮತದವನಿಗಂತೂ ಅದು ಅನ್ಯವೇ ಅಲ್ಲ. ಆದರೆ ಅರಸನು ಹಾಗೆಂದು ಬಹಿರಂಗವಾಗಿ ಹೇಳಲಿಲ್ಲ. ಗುಟ್ಟಾಗಿ ಇರಿಸಿದನು, ಗುಟ್ಟು ಬಯಲಾದಾಗ ಪ್ರಾಯಶ್ಚಿತ್ತಕ್ಕೆ ಹಣವನ್ನು ಮುಂದೆ ಮಾಡಿದನು. ಅಭೇದವು ನಿಜವಾಗಿದ್ದರೆ ಪ್ರಾಯಶ್ಚಿತ್ತವೇಕೆ, ಭೇದವು ನಿಜವಾಗಿದ್ದರೆ ಬಿರುದೇಕೆ? ಭದ್ರಮ್ಮನ ಕಡೆಯಿಂದ ನೋಡಿದರೆ, ಅವಳ ಆಚಾರನಿಷ್ಠೆಯಲ್ಲಿ ಕುಲಭೇದದ ಕಲೆಯಿದ್ದುದು ನಿಜ. ಆದರೆ ಅವಳನ್ನು ಇರಿದದ್ದು ಅದೊಂದೇ ಎಂದು ಯಾರು ಹೇಳಬಲ್ಲರು? ನುಡಿದಂತೆ ನಡೆಯದ ಗಂಡನೊಡನೆ ಹೆಂಡತಿಯಾಗಿ ಬಾಳಲಾರೆನೆಂದ ದಿಟ್ಟತನವೂ ಅದರಲ್ಲಿದೆ. ವಚನಗಳ ತಕ್ಕಡಿಯಲ್ಲಿ ತೂಗಿದರೆ, ಇಬ್ಬರಲ್ಲಿ ತನ್ನ ನಂಬಿಕೆಗೆ ಬೆಲೆ ತೆತ್ತವಳು ರಾಣಿಯೇ. ಮೂರನೆಯವಳ ಮನಸ್ಸೇನಿತ್ತೆಂದು ಕೇಳಿ ಬರೆದವರಿಲ್ಲ. ಕಥೆ ಕಟ್ಟಿದ ಜನರಾದರೂ ಅವಳಿಗೊಂದು ಹೆಸರನ್ನು ಕೊಟ್ಟು ಕೊಳದ ನೀರಿನಲ್ಲಿ ಉಳಿಸಿದರು.

ವೆಂಕಟಪ್ಪನಾಯಕನ ಬಾಳಿನ ಈ ಬಿರುಕು ಅವನೊಬ್ಬನದಲ್ಲ. ಅದ್ವೈತವನ್ನು ಸಭೆಯಲ್ಲಿ ಗೆಲ್ಲಿಸಿ ಮನೆಯಲ್ಲಿ ಸೋಲಿಸುವುದು ಈ ದೇಶದ ಹಳೆಯ ರೋಗ. 1896ರಲ್ಲಿ ಸ್ವಾಮಿ ವಿವೇಕಾನಂದರು ಲಂಡನ್ನಿನಲ್ಲಿ ವ್ಯಾವಹಾರಿಕ ವೇದಾಂತವನ್ನು ಕುರಿತು ಉಪನ್ಯಾಸಗಳನ್ನು ಮಾಡಿದಾಗ, ಕಾಡಿನ ಗುಹೆಯಿಂದ ಅದನ್ನು ಸಂತೆಗೂ ಗುಡಿಸಲಿಗೂ ತರಬೇಕೆಂಬುದೇ ಅವರ ಕಾಳಜಿಯಾಗಿದ್ದಿತು. ಅವರ ಪ್ರಭಾವದಲ್ಲಿ ಬೆಳೆದ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು (1904–1994) ಅವರು ಅದೇ ತತ್ತ್ವವನ್ನು ಹಿಡಿದು ಜಾತಿಯ ಕಟ್ಟನ್ನು ಜೀವನವಿಡೀ ಎದುರಿಸಿದರು. ಅದಕ್ಕಿಂತ ಹತ್ತಿರದ ನಿದರ್ಶನವೊಂದು ಇಕ್ಕೇರಿಯ ನೆರೆಯಲ್ಲಿಯೇ ಇದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಕಾರಣವು ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಅಳತೆ. ಅದರ ಹಿಂದೆ ಒಡೆಯನ ಮುಂದೆ ಆಳು ಹೇಗೆ ನಿಲ್ಲಬೇಕು, ಹೇಗೆ ಉಡಬೇಕು ಎಂಬ ಮಾನದ ಪ್ರಶ್ನೆ. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಸೆರೆಯಾದರು. ಆ ಗದ್ದೆಗಳಲ್ಲಿ ಒಡೆಯರಾಗಿದ್ದವರಲ್ಲಿ ಲಿಂಗಧಾರಿಗಳೂ ಇದ್ದರೆಂಬುದನ್ನು ಮುಚ್ಚಿಡುವುದರಿಂದ ಶರಣಧರ್ಮಕ್ಕೆ ಗೌರವ ಬರುವುದಿಲ್ಲ. ಕೊಡುವಾಗ ಒಂದು ಕೊಳಗ, ಕೊಳ್ಳುವಾಗ ಇನ್ನೊಂದು ಕೊಳಗ ಇದ್ದಲ್ಲಿ ಎರಡಿಲ್ಲವೆಂಬ ಸಿದ್ಧಾಂತವನ್ನು ಯಾವ ಪಂಡಿತನೂ ಪ್ರತಿಷ್ಠಾಪಿಸಲಾರನು.

ಹೀಗೆಂದು ವೆಂಕಟಪ್ಪನಾಯಕನನ್ನು ಹಗುರಾಗಿ ಕಾಣಬೇಕಾಗಿಲ್ಲ. ತನ್ನ ಮತಕ್ಕೆ ಸೇರದ ಪೀಠವನ್ನು ಪೋಷಿಸುವ, ಅದರ ಸಿದ್ಧಾಂತದಲ್ಲಿ ತನ್ನದನ್ನು ಗುರುತಿಸಿಕೊಳ್ಳುವ ವಿಶಾಲತೆ ಅವನ ಕಾಲದ ಲೋಕದಲ್ಲಿ ಎಲ್ಲೆಡೆಯೂ ಇರಲಿಲ್ಲ. ಅವನ ಆಳಿಕೆಯ ಕೊನೆಯ ವರ್ಷಗಳಲ್ಲಿ ಯುರೋಪಿನ ಕ್ರೈಸ್ತ ಅರಸರು ಒಂದೇ ದೇವರ ಹೆಸರಿನಲ್ಲಿ 1618ರಿಂದ 1648ರ ವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧದಲ್ಲಿ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. ಇಕ್ಕೇರಿಯಲ್ಲಿ ಮತಗಳ ಜಗಳವು ಸಭಾಮಂಟಪದಲ್ಲಿ ನಡೆದು, ಸೋತವರು ಜೀವಂತವಾಗಿ ಮಠಕ್ಕೆ ಹಿಂತಿರುಗುತ್ತಿದ್ದರು.

1629ರಲ್ಲಿ ವೆಂಕಟಪ್ಪನಾಯಕನು ಲಿಂಗೈಕ್ಯನಾದನು. ಮಗ ಭದ್ರಪ್ಪನು ತಂದೆಗಿಂತ ಮೊದಲೇ ತೀರಿಕೊಂಡಿದ್ದುದರಿಂದ ಮೊಮ್ಮಗ ವೀರಭದ್ರನಾಯಕನು ಪಟ್ಟಕ್ಕೆ ಬಂದನು. 1637ರಲ್ಲಿ ಬಿಜಾಪುರದ ರಣದುಲ್ಲಾಖಾನನ ದಂಡು ಇಕ್ಕೇರಿಯನ್ನು ಸೂರೆಮಾಡಿತು. ಸ್ವಲ್ಪ ಕಾಲದಲ್ಲಿಯೇ ರಾಜಧಾನಿಯು ಬಿದನೂರಿಗೆ ಹೋಯಿತು. 1709ರಲ್ಲಿ ಈ ವಂಶದ ಬಸವಪ್ಪನಾಯಕನು ತನ್ನ ಮಗ ಸೋಮಶೇಖರನಿಗೆ ಹೇಳುವ ರೀತಿಯಲ್ಲಿ ಶಿವತತ್ತ್ವರತ್ನಾಕರವೆಂಬ ಮಹಾಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದಾಗ, ಲೋಕದ ವಿದ್ಯೆಗಳೆಲ್ಲದರ ನಡುವೆ ತನ್ನ ಪೂರ್ವಿಕರ ಚರಿತ್ರೆಯನ್ನೂ ಸೇರಿಸಿದನು. 1763ರಲ್ಲಿ ಹೈದರನು ಬಿದನೂರನ್ನು ಹಿಡಿಯುವವರೆಗೂ ಅರಸರು ಬದಲಾದರೂ ಬಿರುದಾವಳಿ ಬದಲಾಗಲಿಲ್ಲ. ಇಕ್ಕೇರಿಯ ಅಘೋರೇಶ್ವರನ ಗುಡಿಯಲ್ಲಿ ಗರ್ಭಗುಡಿಯ ಮುಂದಿನ ನೆಲದ ಕಲ್ಲಿನ ಮೇಲೆ ಕೆಳದಿಯ ನಾಯಕರು ಕೈಮುಗಿದು ಬಾಗಿರುವ ರೂಪಗಳನ್ನು ಕೆತ್ತಿದ್ದಾರೆ. ಒಳಗೆ ಹೋಗುವವರು ಕಾಲಿಡುವ ಜಾಗದಲ್ಲಿಯೇ ಅವು ಇವೆ.